ಕಲಶಕ್ಕೆ ಒರಗಿದ ಹೆಣ್ಣು

ಬಾಲ್ಗರ್ನಿಯ ಜಮೀನ್ದಾರರು ಚಳಿಗಾಲದ ಕೊನೆಗೆ ಸತ್ತರು. ಅವರ ಹೆಂಡತಿ ನನ್ನನ್ನು ಕರೆಸಿ, ರೋಮಿನ ಗೋರಿಗಳ ಚಿತ್ರಪುಸ್ತಕ ಕೊಟ್ಟು, ಚಿತಾಭಸ್ಮದ ಕಲಶಕ್ಕೆ ಒರಗಿ ಅಳುವ ಹೆಣ್ಣೊಂದನ್ನು ಕೆತ್ತು ಎಂದರು. ನಮ್ಮ ಸ್ಕಾಟ್ಲೆಂಡಿನಲ್ಲಿ ಹೆಣವನ್ನು ಯಾರೂ ಸುಡುವುದಿಲ್ಲ. ಆದರೂ ದೊಡ್ಡವರಿಗೆ ಬೂದಿಯ ಕಲಶ ಬೇಕು! ನಾನೋ ಮೂವತ್ತು ವರ್ಷ ಚರ್ಚಿನ ಅಂಗಳದ ಗೋರಿಕಲ್ಲುಗಳ ಮೇಲೆ ತಲೆಬುರುಡೆ ಕೆತ್ತಿಕೊಂಡಿದ್ದ ಕಲ್ಲುಕುಟಿಗ.

"ರೋಮಿನೋರಿಗೆ ಬಟ್ಟೆಗೆ ಬರವಾ ಅಪ್ಪಾ? ಎಲ್ಲಾ ಮೈಗೆ ಅಂಟ್ಕೊಂಡಿದೆ," ಎಂದು ಮಗಳು ಗ್ರಿಜೆಲ್ ಪುಸ್ತಕ ನೋಡಿ ನಕ್ಕಳು. ಇಪ್ಪತ್ತೆರಡರ ಅವಳು ಜಮೀನ್ದಾರರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವರು ಸತ್ತ ವಾರವೇ ಕೆಲಸ ಬಿಟ್ಟುಬಂದಿದ್ದಳು.

ಮೈಗಂಟಿದ ಆ ಬಟ್ಟೆಯ ನೆರಿಗೆಗಳು ಏನು ಮಾಡಿದರೂ ನನ್ನ ಕೈಗೆ ಬರಲಿಲ್ಲ. ಕೊನೆಗೆ ಗ್ರಿಜೆಲ್‌ಳನ್ನೇ ನಿಲ್ಲಿಸಿ, ಒಳಂಗಿಯ ಮೇಲೆ ಒದ್ದೆ ದುಪ್ಪಟಿ ಹೊದಿಸಲು ಹೋದೆ.

"ಬೇಡ ಅಪ್ಪಾ, ಚಳಿಯಾಗತ್ತೆ."

"ಬೇಸಿಗೇಲಿ ಎಂಥಾ ಚಳಿಯೇ? ಸುಮ್ನೆ ನಿಂತ್ಕೋ."

ನಿಂತಳು. ಕಂಡದ್ದನ್ನು ಕಂಡಂತೆ ಕೆತ್ತುವುದು ನನ್ನ ಹೆಮ್ಮೆ. ಒಂದು ಮಡಿಕೆಯನ್ನೂ ಬಿಡಲಿಲ್ಲ.

ಭಾನುವಾರ ಉಪದೇಶ ಮುಗಿದ ಮೇಲೆ, ಚರ್ಚಿನ ಗೋಡೆಗೆ ಕೂರಿಸಿದ್ದ ಕಲ್ಲಿನ ಮುಸುಕು ಎಳೆದೆವು. ಮೊದಲು ಸೂಲಗಿತ್ತಿ ಜೋನೆಟ್ ಬಾಯಿಬಿಟ್ಟಳು.

"ಅಯ್ಯೋ ದೇವರೇ, ಈ ಕಲ್ಲಿಗೆ ಐದು ತಿಂಗಳು!"

ಕಲ್ಲಿನ ಹೊಟ್ಟೆಯನ್ನು ಮತ್ತೆ ನೋಡಿದೆ. ಆ ಹೊಟ್ಟೆಯನ್ನು ವಾರಗಟ್ಟಲೆ ಉಜ್ಜಿ ನುಣುಪು ಮಾಡಿದವನು ನಾನೇ. ನನಗೆ ಕಂಡದ್ದು ಬರೀ ನೆರಿಗೆ! ಮುಖ ಗ್ರಿಜೆಲ್‌ಳದು ಎಂದು ಊರಿಗೇ ಗೊತ್ತಾಯಿತು. ಮದುವೆಯಾಗದ ಬಸುರಿಯನ್ನು ವಾರ ವಾರ ಪಶ್ಚಾತ್ತಾಪದ ಪೀಠದ ಮೇಲೆ ಕೂರಿಸಿ ಛೀಮಾರಿ ಹಾಕುವ ಚರ್ಚು ಇದು. ನನ್ನ ಮಗಳನ್ನು ಅಲ್ಲಿಗೆ ನಾನೇ ಹಿಡಿದುಕೊಟ್ಟಿದ್ದೆ.

"ಯಾರೇ ಅವನು? ಬೊಗಳು!" ಚರ್ಚಿನ ಹಿರಿಯ ಎಬಿನೀಜರ್ ಗದರಿದ.

ಗ್ರಿಜೆಲ್ ಎದ್ದು ಬಂದಳು. ಕಲಶದ ಕೆಳಗೆ ನಾನು ಕೆತ್ತಿದ್ದ ಜಮೀನ್ದಾರರ ಹೆಸರಿನ ಮೇಲೆ ಬೆರಳಿಟ್ಟಳು.

ಜಮೀನ್ದಾರರ ಹೆಂಡತಿಯ ಮುಖ ಬಿಳಚಿಕೊಂಡಿತು. "ಆ ಹೊಟ್ಟೆ ಕೆತ್ತಿ ತೆಗಿ. ಈಗಲೇ," ಎಂದರು.

ಚೀಲದಿಂದ ಉಳಿ ತೆಗೆದು ಕಲ್ಲಿನ ಹೊಟ್ಟೆಗೆ ಇಟ್ಟೆ. ಪಕ್ಕದಲ್ಲಿ ಗ್ರಿಜೆಲ್ ತನ್ನ ಹೊಟ್ಟೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡಳು. ನನ್ನ ಸುತ್ತಿಗೆ ಮೇಲೇಳಲಿಲ್ಲ.

ಉಳಿಯನ್ನು ಕೆಳಗಿಳಿಸಿ, ಹೆಸರಿನ ಮೊದಲ ಅಕ್ಷರಕ್ಕೆ ಒತ್ತಿ ಹಿಡಿದೆ.

"ಅಮ್ಮಾವ್ರೇ, ಬೇಕಾದ್ರೆ ಇದನ್ನ ತೆಗೀತೀನಿ," ಎಂದೆ. "ಅದನ್ನ ತೆಗೆಯೋದು ನನ್ನ ಕೈಲಾಗಲ್ಲ."