ಕೋ ಟೀಚರ್ ಸೋತ ಸಂಜೆ

ತೈವಾನಿನ ತೈನಾನ್‌ ಊರಿನ ಮನೋರೋಗ ವಾರ್ಡುಗಳಲ್ಲಿ ಕೋ ಟೀಚರ್ ಕೈಯಲ್ಲಿ ಬೈಸಿಕೊಳ್ಳದ ನರ್ಸು ಸಿಗುವುದಿಲ್ಲ. ಹಳೆಯ ಪೆಟ್ಟಿನ ನೆನಪು ನುಗ್ಗಿದಾಗ ಕಣ್ಣು ತೆರೆದೇ ಇದ್ದು ಮನಸ್ಸು ಮಾತ್ರ ಎಲ್ಲೋ ಹೊರಟುಹೋಗುವ ರೋಗಿಗಳಿರುತ್ತಾರಲ್ಲ, ಅವರನ್ನು ವಾಪಸು ಕರೆತರುವುದನ್ನು ಕಲಿಸುವುದೇ ಈ ಟೀಚರ ಜೀವಮಾನದ ಕೆಲಸ. ಅದಕ್ಕೆಂದು ಅವರ ಚೀಲದಲ್ಲಿ ಸದಾ ಒಂದು ಥರ್ಮಾಸ್ ಐಸು, ಮೂಗು ಉರಿಸುವ ಹಸಿರೆಣ್ಣೆಯ ಶೀಶೆ. ನಿವೃತ್ತಿ ಹತ್ತಿರ ಬಂದರೂ ಥರ್ಮಾಸನ್ನು ಇನ್ನೊಬ್ಬರ ಕೈಗೆ ಕೊಡುವವರಲ್ಲ.

ಅವರ ಹತ್ತಿರ ಕಲಿತ ನಾನು ಈಗ ಮನೆಮನೆಗೆ ಹೋಗುವ ನರ್ಸು. ಮೊನ್ನೆ ಸಂಜೆ ಅವರನ್ನು ಬಿಶ್ಯಾಳ ಮನೆಗೆ ಕರೆದೊಯ್ದೆ. ಅಪ್ಪನ ಹೊಡೆತ ತಿಂದು ಬೆಳೆದ ಹೆಂಗಸು. ಗಂಡಸಿನ ದನಿ ಏರಿದರೆ ಸಾಕು, ಕೂತಲ್ಲೇ ಕಲ್ಲಾಗುತ್ತಾಳೆ. ಆಸ್ಪತ್ರೆ ಬಿಟ್ಟು ಬಂದು ತನ್ನ ಅಡುಗೆ ತಾನು ಮಾಡಿಕೊಂಡು ಬದುಕುತ್ತಿದ್ದಳು. ಇನ್ನೊಮ್ಮೆ ಹೀಗಾದರೆ ಮತ್ತೆ ಆಸ್ಪತ್ರೆಗೇ ಎಂದು ಅವಳ ಅಣ್ಣ ಜಿನ್‌ಶುಯಿ ಹಟ ಹಿಡಿದಿದ್ದ.

"ಇವ್ಳೊಬ್ಳೇ ಇದ್ದು ಏನಾದ್ರೂ ಆದ್ರೆ ಯಾರ್ರೀ ಜವಾಬ್ದಾರಿ?" ಎಂದು ಅವನು ಬಾಗಿಲಲ್ಲೇ ಕೂಗಿದ. ಕಣ್ಣು ತೆರೆದೇ ಇತ್ತು, ಬಿಶ್ಯಾ ಮಾತ್ರ ಕೂತಲ್ಲೇ ಹೊರಟೇಹೋದಳು.

"ನೋಡಿದ್ರಾ?" ಎಂದ ಜಿನ್‌ಶುಯಿ.

"ನೋಡ್ದೆ. ನೀವೀಗ ಬಾಯಿ ಮುಚ್ಕೊಂಡ್ರೆ ಅದೇ ದೊಡ್ಡ ಉಪಕಾರ" ಎಂದ ಟೀಚರ್ ತೋಳೇರಿಸಿದರು. ಬಿಶ್ಯಾಳ ಅಂಗೈಗೆ ಐಸು, ಮೂಗಿನ ಹತ್ತಿರ ಎಣ್ಣೆ. "ಬಿಶ್ಯಾ, ಇದು ನಿನ್ನ ಮನೆ. ಕಾಲ ಕೆಳಗೆ ನೆಲ ಇದೆ, ನೋಡಮ್ಮ." ಐಸು ಕರಗಿ ಟೀಚರ ಪ್ಯಾಂಟು ಒದ್ದೆಯಾಯಿತು. ಎಣ್ಣೆಗೆ ಕಣ್ಣೀರು ಸುರಿದದ್ದು ನನಗೆ. ಬಿಶ್ಯಾ ಅಲುಗಲಿಲ್ಲ. ಜಿನ್‌ಶುಯಿ ಆಂಬುಲೆನ್ಸಿಗೆಂದು ಫೋನ್ ತೆಗೆದ. ನನಗೆ ಅಳುವೇ ಬಂತು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಸದ ಲಾರಿಯ ಸಂಗೀತ ಕೇಳಿಸಿತು. ನಮ್ಮಲ್ಲಿ ಕಸವನ್ನು ಬಾಗಿಲಾಚೆ ಇಟ್ಟು ಮರೆಯುವಂತಿಲ್ಲ. ಓಡಿ ಹೋಗಿ ಕೈಯಾರೆ ಹಾಕಬೇಕು, ಲಾರಿ ಯಾರಿಗೂ ಕಾಯುವುದಿಲ್ಲ.

ಬಿಶ್ಯಾಳ ರೆಪ್ಪೆ ಬಡಿಯಿತು.

"ಅಯ್ಯೋ, ಮೀನಿನ ಮುಳ್ಳು! ನಿನ್ನೇನೂ ಹಾಕ್ಲಿಲ್ಲ, ನಾರುತ್ತೆ." ಎದ್ದೇಬಿಟ್ಟಳು. "ಟೀಚರ್, ಕಾಲು ತೆಗೀರಿ, ಕಸದ ಚೀಲ ತುಳೀತಿದೀರಿ. ಅಣ್ಣ, ಕಂಬದ ಥರ ನಿಂತಿದೀಯಲ್ಲ, ಆ ಬಕೆಟ್ ಎತ್ಕೋ!"

ಅಣ್ಣ ಎತ್ತಿಕೊಂಡು ಓಡಿದ. ಒದ್ದೆ ಪ್ಯಾಂಟಿನ ಟೀಚರ್ ಖಾಲಿ ಬಾಟಲಿಗಳನ್ನು ಹೊತ್ತು ಹಿಂದೆ ಓಡಿದರು. "ನನ್ನ ಐಸಿಗಿಂತ ಲಾರೀನೇ ವಾಸಿ ಕಣೆ" ಎಂದು ಏದುಸಿರು ಬಿಟ್ಟರು.

"ಪಾಠಕ್ಕೆ ಸೇರಿಸ್ಕೊಳಿ ಟೀಚರ್" ಎಂದೆ.

"ಲಾರೀನ ಕ್ಲಾಸಿಗೆ ಹೇಗೆ ತರ್ಲೇ, ತಲೆಹರಟೆ!"

ಮನೆಯ ಮೆಟ್ಟಿಲ ಬಳಿ ಬಿಶ್ಯಾ ಅಣ್ಣನ ಕಡೆ ತಿರುಗಿದಳು. "ಅಣ್ಣ, ಕೂಗ್ಬೇಡ. ನಿನ್ನ ದನಿ ಏರಿದ್ರೆ ಥೇಟ್ ಅಪ್ಪನ ದನಿ. ಅದಕ್ಕೇ ನಾನು ಹೊರಟುಹೋಗೋದು."

ಇನ್ನೇನು ಜಗಳ ಎಂದುಕೊಂಡೆ. ಜಿನ್‌ಶುಯಿ ಖಾಲಿ ಬಕೆಟ್ ಹಿಡಿದೇ ನಿಂತಿದ್ದ.

"ಗೊತ್ತು ಕಣೆ" ಎಂದ, ಕೇಳಿಸದಷ್ಟು ಮೆಲ್ಲಗೆ. "ಕೂಗಿದಾಗ ನಂಗೂ ಅಪ್ಪ ಬಂದಂಗಾಗಿ ಭಯ ಆಗುತ್ತೆ."

ಬಿಶ್ಯಾ ಅವನ ಕೈಯಿಂದ ಬಕೆಟ್ ಬಿಡಿಸಿಕೊಂಡಳು. "ಕೈ ತೊಳ್ಕೊಂಡ್ ಬಾ. ಗಂಜಿ ಇದೆ, ಉಂಡ್ಕೊಂಡು ಹೋಗು."