ಗಾಜಿನ ಆಚೆ ನಿಂತವಳು

ಕೋಟು ಕಳಚಿಟ್ಟ ಮೇಲೂ ಅದರ ಭಾರ ಹೊತ್ತುಕೊಂಡೇ ನಡೆಯುವ ಮನುಷ್ಯರನ್ನು ನಾನು ಕಂಡಿರುವುದು ಒಬ್ಬರನ್ನೇ, ಅದೂ ನಮ್ಮ ಮನೆಯಲ್ಲೇ. ನನ್ನ ಹೆಂಡತಿಯ ತಂಗಿ, ಅಂದರೆ ನನ್ನ ನಾದಿನಿ, ತರಕಾರಿ ಚೀಲ ಹಿಡಿದು ಬೀದಿಯಲ್ಲಿ ಬರುತ್ತಿದ್ದರೆ ದೂರದಿಂದ ನೋಡಿದವರು ತುಂಬು ಬಸುರಿ ಎಂದುಕೊಳ್ಳಬೇಕು: ಭುಜ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ, ಪಾದಗಳೆರಡೂ ಅಗಲಕ್ಕೆ, ನೆಲ ತನ್ನನ್ನು ತಡೆದೀತೋ ಇಲ್ಲವೋ ಎಂದು ಪರೀಕ್ಷಿಸುತ್ತ ಇಡುವಂಥ ಹೆಜ್ಜೆ. ಹತ್ತಿರ ಬಂದರೆ ಕಾಣುವುದು ಐವತ್ತು ದಾಟಿದ, ಒಣಕಲು ಮೈಯ, ಕನ್ನಡಕ ಮೂಗಿನ ತುದಿಗೆ ಜಾರಿದ ಹೆಂಗಸು. ಆ ನಡಿಗೆಯನ್ನು ಅವಳಿಗೆ ಕೊಟ್ಟದ್ದು ಸೀಸದ ಕೋಟು. ಎಕ್ಸ್-ರೇ ಕಿರಣ ಮೈಗೆ ತಾಗದಂತೆ ಎದೆಯಿಂದ ಮೊಣಕಾಲಿನವರೆಗೆ ತೊಡುವ ಅದನ್ನು ನಾನೊಮ್ಮೆ ಎತ್ತಿ ಹೆಗಲಿಗೇರಿಸಿ ನೋಡಿದ್ದೇನೆ. ಮುಷ್ಕರ, ಮೆರವಣಿಗೆ, ರಸ್ತೆ ತಡೆ ಎಂದು ಅರ್ಧ ಆಯುಷ್ಯ ಲಾಠಿಗೆ ಒಡ್ಡಿಕೊಂಡ ನನ್ನ ಬೆನ್ನು ಕೂಡ, ಇದು ನನ್ನ ಕೈಲಾಗದಪ್ಪ ಎಂದಿತು.

ಅವಳ ಕಸುಬನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆ ಕೊಯ್ಯದೆ, ಎದೆ ಸೀಳದೆ, ತೊಡೆಸಂದಿಯಲ್ಲೋ ಮಣಿಕಟ್ಟಿನಲ್ಲೋ ಸೂಜಿ ಹೋಗುವಷ್ಟು ತೂತು ಮಾಡಿ, ರಕ್ತನಾಳದೊಳಗೆ ಕೂದಲಿನಂಥ ತಂತಿಯನ್ನು ತೂರಿಸಿ, ಪರದೆಯ ಮೇಲೆ ಅದರ ನೆರಳು ನೋಡುತ್ತ, ಸೋರುವ ನಾಳವನ್ನು ಮುಚ್ಚುವುದು, ಮುಚ್ಚಿಹೋದ ನಾಳವನ್ನು ತೆರೆಯುವುದು. ಕೈ ಒಂದು ಕಡೆ, ಕಣ್ಣು ಒಂದು ಕಡೆ, ಕಾಲು ಇನ್ನೊಂದು ಕಡೆ. ಯಾಕೆಂದರೆ ಪರದೆಯ ಮೇಲೆ ಚಿತ್ರ ಮೂಡಬೇಕಾದರೆ ನೆಲದ ಮೇಲಿರುವ ಪೆಡಲನ್ನು ಪಾದದಿಂದ ಒತ್ತಬೇಕು. ಒತ್ತಿದಷ್ಟು ಹೊತ್ತೂ ಕಿರಣ ಸುರಿಯುತ್ತಿರುತ್ತದೆ, ರೋಗಿಯ ಮೈಗೂ ಡಾಕ್ಟರ ಮೈಗೂ. ಇದಕ್ಕೆ ಇಂಟರ್ವೆನ್ಷನಲ್ ರೇಡಿಯಾಲಜಿ ಎಂದು ಹೆಸರು. ನನ್ನ ಹೆಂಡತಿ ಅದನ್ನು ‘ತಂತಿ ಕೆಲಸ’ ಎಂದು ಕರೆದು ಮುಗಿಸಿದ್ದಾಳೆ, ನನಗೂ ಅಷ್ಟೇ ಸಾಕು.

ಈ ತಂತಿ ಕೆಲಸಕ್ಕೆ ಅವಳು ಬಂದದ್ದು ತಡವಾಗಿ, ಮತ್ತು ಸಿಟ್ಟಿನಿಂದ. ಮೊದಲು ಅವಳದು ಬರೀ ನೆರಳು ಓದುವ ಕೆಲಸ. ಕತ್ತಲೆ ಕೋಣೆಯಲ್ಲಿ ಕೂತು, ಯಾರ ಮೈಯೊಳಗೆ ಎಲ್ಲಿ ಏನಾಗಿದೆ ಎಂದು ಚಿತ್ರ ನೋಡಿ ಹೇಳುವುದು. ಕತ್ತರಿ ಹಿಡಿದ ಡಾಕ್ಟರುಗಳು ಬೆನ್ನ ಹಿಂದೆ ಅವಳನ್ನು ‘ಫೋಟೋದಮ್ಮ’ ಎನ್ನುತ್ತಿದ್ದರು. ಒಮ್ಮೆ ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತ ನಿಲ್ಲಲಿಲ್ಲ. ಯಾವ ನಾಳ ಒಡೆದಿದೆ ಎಂಬುದನ್ನು ಇವಳು ಚಿತ್ರದಲ್ಲಿ ಹುಡುಕಿಕೊಟ್ಟಳು, ಆದರೆ ಕೊಯ್ಯುವ ಕೋಣೆ ಅಣಿಯಾಗುವಷ್ಟರಲ್ಲಿ ಆ ಹೆಂಗಸು ಮುಗಿದುಹೋಗಿದ್ದಳು. ಅಂದು ನಮ್ಮ ಮನೆಗೆ ಬಂದು, ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅವಳು ತನ್ನ ಅಕ್ಕನಿಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

“ಇಲ್ಲೇ ಸೋರ್ತಿದೆ ಅಂತ ಬೆರಳಿಟ್ಟು ತೋರಿಸ್ದೆ ಅಕ್ಕ. ನಂಗೆ ತೋರ್ಸೋಕೆ ಮಾತ್ರ ಬರ್ತಿತ್ತು.”

ಅಳಲಿಲ್ಲ. ನಲವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾದಳು, ಅಷ್ಟೇ. ಗಂಡನದು ಊರೂರು ಸುತ್ತುವ ನೌಕರಿ. ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು, ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಸಾಲಿನಲ್ಲಿ ನಿಂತಳು. ಇರುವ ಡಿಗ್ರಿಗಳನ್ನು ನೇತುಹಾಕಲು ಗೋಡೆ ಸಾಲದೆ ಇರುವಾಗ ಇನ್ನೊಂದು ಯಾಕೆ ಎಂದು ಅಕ್ಕ ಬೈದದ್ದಕ್ಕೆ ಲೆಕ್ಕವಿಲ್ಲ. ಅದಕ್ಕೆ ಇವಳ ಉತ್ತರ, ನನ್ನ ಹತ್ತಿರ ಒಂದು ಪ್ಲೈವುಡ್ ಹಲಗೆ ಕೇಳಿದ್ದು. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಮುರಿದ ಹಾವಿನ ಹಾಗೆ ಅಂಕುಡೊಂಕಾಗಿ ಮೊಳೆ ಹೊಡೆದು ಕೂರಿಸಿಕೊಟ್ಟವನು ನಾನೇ. ರಜೆಯಲ್ಲಿ ಬಂದಾಗಲೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಆ ಹಲಗೆಯಿಟ್ಟು, ಪೈಪಿಗೆ ನೀರು ತುಂಬಿ, ತಂತಿ ತೂರಿಸುತ್ತ ಕೂರುತ್ತಿದ್ದಳು. ಬೆರಳ ತುದಿಯಲ್ಲಿ ತಂತಿಯ ಬಾಲ ತಿರುವಿದರೆ ಅಷ್ಟು ದೂರದಲ್ಲಿ ಅದರ ಮೂತಿ ತಿರುಗಬೇಕು. ತಳ್ಳಬಾರದು, ತಿರುವಬೇಕು. ಮಗಳು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತ, “ದೊಡ್ಡಪ್ಪ, ಅಮ್ಮ ಇವತ್ತೂ ಮೂರನೇ ತಿರುವಲ್ಲಿ ಫೇಲು” ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಆ ಹಲಗೆ ಈಗಲೂ ಅವಳ ವಿಭಾಗದಲ್ಲಿದೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ನಾನೇ ಕೆಂಪು ಬಣ್ಣದಲ್ಲಿ ಬರೆದ, ಯಾವುದೋ ಮೆರವಣಿಗೆಯ ಅರ್ಧ ಘೋಷಣೆ ಕಾಣುತ್ತದೆ.

ಕಲಿತು ಮುಗಿಸಿದವಳು ಕಲಿಸಲು ನಿಂತಳು. ಅವಳ ಕೈಕೆಳಗೆ ಬರುವವರು ಎಳೆಯರಲ್ಲ. ಡಾಕ್ಟರಾಗಿ, ಅದರ ಮೇಲೊಂದು ಡಿಗ್ರಿ ಮುಗಿಸಿ, ಹೆಸರಿನ ಬಾಲ ಉದ್ದ ಮಾಡಿಕೊಂಡು ಬಂದವರು. ಅಂಥವರ ಕೈಗೆ ಮೊದಲ ತಿಂಗಳುಗಳಲ್ಲಿ ರೋಗಿ ಸಿಗುವುದಿಲ್ಲ, ನನ್ನ ಹಲಗೆ ಸಿಗುತ್ತದೆ. ಒದ್ದೆ ತಂತಿಯನ್ನು ಸುರುಳಿ ಸುತ್ತುವುದನ್ನೇ ವಾರಗಟ್ಟಲೆ ಮಾಡಿಸುತ್ತಾಳೆ. ಕೈ ಸ್ವಲ್ಪ ಸಡಿಲವಾದರೆ ಅದು ಚಿಮ್ಮಿ ನೆಲಕ್ಕೆ ಬೀಳುತ್ತದೆ, ನೆಲ ಮುಟ್ಟಿದ ತಂತಿ ಕಸದ ಬುಟ್ಟಿಗೆ. ಬೈಯುವುದಿಲ್ಲ, ಕೈಮೇಲೆ ಹೊಡೆಯುವುದಿಲ್ಲ. ಅವಳ ಬಾಯಿಂದ ದಿನಕ್ಕೆ ನೂರು ಸಲ ಹೊರಡುವುದು ಎರಡೇ ಪದ: “ಪೆಡಲ್ ಬಿಡು.”

ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪೊಂದಿದೆಯಂತೆ. ದಾರಿ ತಿಳಿಯದೆ ಹೋದಾಗ, ಕೈ ನಿಂತುಹೋದಾಗ, ಕಾಲು ಮಾತ್ರ ಪೆಡಲನ್ನು ಒತ್ತಿಕೊಂಡೇ ಇರುತ್ತದೆ. ನೋಡುತ್ತಲೇ ಇದ್ದರೆ ಏನೋ ಹೊಳೆಯುತ್ತದೆ ಎಂಬ ಆಸೆ. ಪರದೆಯ ಮೇಲೆ ಅದೇ ನಿಂತ ತಂತಿ, ಕೆಳಗೆ ಸುಮ್ಮನೆ ಸುರಿಯುತ್ತಿರುವ ಕಿರಣ. “ಹೆದರಿಕೆ ಮುಖದಲ್ಲಿ ಕಾಣಲ್ಲ ಭಾವ, ಕಾಲಲ್ಲಿ ಇರುತ್ತೆ” ಎಂದು ಒಮ್ಮೆ ನನಗೆ ವಿವರಿಸಿದ್ದಳು. ಎದೆಬಡಿತ ಎಣಿಸುವವಳಲ್ಲ, ಶಿಷ್ಯರ ಪಾದ ನೋಡಿ ಮನಸ್ಸು ಓದುವವಳು. ಆಮೇಲೆ ಈ ಮಾತು ಮನೆಗೂ ಹಬ್ಬಿತು. ಅಕ್ಕ ಸೊಸೆಯ ದೂರು ಶುರುಮಾಡಿ ಅದನ್ನೇ ಮೂರನೆಯ ಸಲ ಹೇಳಿದರೆ, ಪೆಡಲ್ ಬಿಡು. ನಾನು ಕಮಿಟಿ ಒಡೆದ ಹಳೆಯ ಕಥೆ ತೆಗೆದು ಗಂಟಲು ಏರಿಸಿದರೆ, ಪೆಡಲ್ ಬಿಡಿ ಭಾವ. ಅವಳ ಎಡಗಣ್ಣಿಗೆ ಹೊತ್ತಿಗೆ ಮೊದಲೇ ಪೊರೆ ಬಂತು. ಕಿರಣದ ಕಡೆ ಇರುವ ಕಣ್ಣು ಅದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವಳು, ನಿಮಗೆ ಲಾಠಿ ನಂಗೆ ಇದು, ಯಾರ್ದೂ ಪುಕ್ಕಟೆ ಅಲ್ಲ ಎಂದು ನಕ್ಕಳು.

ಅವಳ ಶಿಷ್ಯರಲ್ಲಿ ಒಬ್ಬಳನ್ನು ಇಲ್ಲಿ ಹೇಳಲೇಬೇಕು. ಮೂವತ್ತರ ಆಚೆಯ, ಬಿದಿರಿನಂತೆ ಉದ್ದ ಬೆಳೆದ ಡಾಕ್ಟರಮ್ಮ. ಬಂದ ಹೊಸತರಲ್ಲಿ ‘ಪೆಡಲ್ ಬಿಡು’ ಎಂಬ ಮಾತನ್ನು ಎಲ್ಲರಿಗಿಂತ ಹೆಚ್ಚು ಹೇಳಿಸಿಕೊಂಡವಳು. ಕೊನೆಗೆ ಒಂದು ಉಪಾಯ ಹೂಡಿದಳು. ಒತ್ತುವ ಕೆಲಸವಿಲ್ಲದಾಗ ಬಲಗಾಲನ್ನು ನೆಲದಿಂದಲೇ ಎತ್ತಿ, ಒಂಟಿ ಕಾಲಲ್ಲಿ ನಿಲ್ಲುವುದು. ನೋಡಿದ ನರ್ಸುಗಳು ಅವತ್ತೇ ‘ಕೊಕ್ಕರೆ’ ಎಂದು ನಾಮಕರಣ ಮಾಡಿದರು. ಅವಳಿಗೇನೂ ಬೇಸರವಿಲ್ಲ; ಮೀನು ಸಿಕ್ಕರೆ ಸರಿ ಎಂದಳಂತೆ.

ತರಬೇತಿಯ ಕೊನೆಗೆ ನನ್ನ ನಾದಿನಿ ಇಟ್ಟಿರುವ ಒಂದು ಕಟ್ಟಳೆ ಇದೆ. ಕಷ್ಟದ ಕೇಸೊಂದನ್ನು ಶಿಷ್ಯ ಒಬ್ಬನೇ ಮಾಡಬೇಕು. ಇವಳು ಕೋಣೆಯ ಹೊರಗೆ, ದಪ್ಪ ಗಾಜಿನ ಆಚೆ, ಮೈಕಿನ ಮುಂದೆ ನಿಂತಿರುತ್ತಾಳೆ. ರೋಗಿಗೆ ಅಪಾಯ ಎನ್ನಿಸಿದರೆ ಮೈಕಿನಲ್ಲಿ ಹೇಳಬಹುದು, ಒಳಗೆ ನುಗ್ಗಲೂಬಹುದು. ಆದರೆ ಒಂದೇ ಒಂದು ಮಾತು ಆಡಿದರೂ ಆ ಶಿಷ್ಯ ಇನ್ನಷ್ಟು ತಿಂಗಳು ಅಲ್ಲೇ ಇರಬೇಕು. ಇಲ್ಲಿಂದ ಹೋದ ಮೇಲೆ ಇವರಲ್ಲಿ ಹೆಚ್ಚಿನವರು ನಿಲ್ಲುವ ಕಡೆ ಗಾಜಿನ ಆಚೆ ಯಾರೂ ಇರುವುದಿಲ್ಲ ಎಂಬುದು ಅವಳ ವಾದ. ಕೊಕ್ಕರೆಯ ಸರದಿ ಬಂದಾಗ ಮೇಜಿನ ಮೇಲೆ ಮಲಗಿದ್ದ ಕಷ್ಟದ ಕೇಸು ನಾನು.

ಬೀಡಿ ಮತ್ತು ಸಕ್ಕರೆ ಕಾಯಿಲೆ ಸೇರಿ ನನ್ನ ಎಡಗಾಲಿನ ರಕ್ತನಾಳವನ್ನು ಮೊಣಕಾಲಿನ ಹಿಂದೆ ಮುಚ್ಚಿಹಾಕಿದ್ದವು. ಎರಡು ಬೆರಳು ಕಪ್ಪಾಗಿದ್ದವು. ನೋವು ಎಂಥದೆಂದರೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತೇ ನಿದ್ದೆ ಮಾಡುತ್ತಿದ್ದೆ. ಮೊಣಕಾಲಿನ ಕೆಳಗೆ ಕತ್ತರಿಸಬೇಕು ಎಂದರು ಕತ್ತರಿಯವರು. ನಾದಿನಿ ಚಿತ್ರ ನೋಡಿ, ಸಣ್ಣದೊಂದು ಸಂದಿ ಇದೆ, ತಂತಿ ದಾಟಿದರೆ ಕಾಲು ಉಳಿಯುತ್ತದೆ, ತಳ್ಳಾಡಿ ನಾಳದ ಗೋಡೆ ಹರಿದರೆ ಅದೂ ಮುಚ್ಚಿಹೋಗುತ್ತದೆ ಎಂದಳು. ನನ್ನ ಹೆಂಡತಿಗೆ ಅರ್ಧ ಜೀವ ಬಂತು. ಹಾಗಾದರೆ ನಾಳೆಯೇ ನೀನು ಮಾಡು ಎಂದಳು.

“ನಾನು ಮಾಡಲ್ಲ. ಅವಳು ಮಾಡ್ತಾಳೆ.”

“ಯಾರು, ಆ ಕೊಕ್ಕರೇನಾ? ಸ್ವಂತ ಭಾವನ ಕಾಲು ಕಣೇ. ನಿನ್ನ ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟ ಕಾಲು.”

“ಅದಕ್ಕೇ ಅಕ್ಕ. ಈ ಕಾಲು ಕಂಡ್ರೆ ನನ್ನ ಕೈ ಆಸೆಗೆ ಬೀಳುತ್ತೆ. ಆಸೆಗೆ ಬಿದ್ದ ಕೈ ತಳ್ಳುತ್ತೆ.”

ಬೇರೆ ದೊಡ್ಡವರನ್ನಾದರೂ ಕರೆಸು ಎಂದು ಅಕ್ಕ ಕಣ್ಣೀರು ಹಾಕಿದಳು. ಇಲ್ಲಿ ನನ್ನ ಬಿಟ್ಟರೆ ಅವಳೇ ದೊಡ್ಡವಳು ಎಂದು ಹೇಳಿ ತಂಗಿ ನನ್ನ ಕಡೆ ತಿರುಗಿದಳು. ಕಾಲು ಭಾವನದು, ಅವರೇ ಹೇಳಲಿ ಎಂದಳು. ನಾನು ತಲೆಕೆರೆದುಕೊಂಡೆ. ಹೊಸಬರಿಗೆ ಜಾಗ ಬಿಡಿ, ಹೊಣೆ ಕೊಡಿ ಎಂದು ನಾನು ಹತ್ತಿದ ವೇದಿಕೆಗಳಿಗೆಲ್ಲ ಅವಳು ಹುಡುಗಿಯಾಗಿದ್ದಾಗಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತವಳು. “ಭಾಷಣದಲ್ಲಿ ಹೇಳ್ತಿದ್ರಲ್ಲ ಭಾವ” ಎಂದಳು, ನಗದೆ. ಆಗ ನನಗೆ ಅವಳ ಮೇಲೆ ಬಂದ ಕೋಪ ಯಾವ ಪೊಲೀಸ್ ಅಧಿಕಾರಿಯ ಮೇಲೂ ಬಂದದ್ದಿಲ್ಲ. ಆಗಲಿ ಎಂದೆ.

ಕೋಣೆ ತಣ್ಣಗಿತ್ತು. ತೊಡೆಸಂದಿಯನ್ನು ಮರಗಟ್ಟಿಸಿದ್ದರು, ನನಗೆ ಎಚ್ಚರವಿತ್ತು. ಗೋಡೆಯ ಮೇಲೆ ಒಂದು ಕೆಂಪು ದೀಪ. ಪೆಡಲ್ ಒತ್ತಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ತಲೆ ಹೊರಳಿಸಿದರೆ ಗಾಜು, ಗಾಜಿನ ಆಚೆ ನಾದಿನಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಮೊದಮೊದಲು ದೀಪ ಮಿಣುಕುಹುಳುವಿನ ಹಾಗೆ ಹತ್ತಿ ಆರಿ, ಹತ್ತಿ ಆರಿ ಆಡುತ್ತಿತ್ತು. ತಂತಿ ಮೊಣಕಾಲಿನ ಹಿಂದಕ್ಕೆ ಬಂದಿರಬೇಕು. ದೀಪ ಹತ್ತಿತು, ಆರಲಿಲ್ಲ.

ಊಟದ ಹೊತ್ತಿನ ಮಾತುಗಳಿಂದಲೇ ಈ ವಿದ್ಯೆಯ ಅಷ್ಟೋ ಇಷ್ಟೋ ತಿಳಿದವನು ನಾನು. ಆ ಕೆಂಪಿನ ಅರ್ಥ ನನಗೆ ಗೊತ್ತಿತ್ತು. ಕೊಕ್ಕರೆಯ ಕಣ್ಣು ಪರದೆಯಲ್ಲಿ ನೆಟ್ಟಿತ್ತು, ಕೈ ಅಲುಗುತ್ತಿರಲಿಲ್ಲ. ಮೇಡಂನ ಕೇಳೋಣ್ವಾ ಎಂದು ಪಕ್ಕದ ಸಿಸ್ಟರ್ ಪಿಸುಗುಟ್ಟಿದರು. ನಾನು ಗಾಜಿನ ಕಡೆ ನೋಡಿದೆ. ಹೇಳೇ ತಾಯಿ, ಎರಡೇ ಪದ, ದಿನಕ್ಕೆ ನೂರು ಸಲ ಹೇಳುವುದನ್ನು ಇವತ್ತೊಂದು ಸಲ ಹೇಳು, ಇವಳು ಇನ್ನಷ್ಟು ತಿಂಗಳು ಇದ್ದರೆ ಇರಲಿ, ನನ್ನ ಕಾಲು ಹೋಗುತ್ತಿದೆ. ನಾದಿನಿಯ ದವಡೆ ಬಿಗಿದಿತ್ತು, ತುಟಿ ತೆರೆಯಲಿಲ್ಲ. ಆ ಪದಗಳು ನನ್ನ ಗಂಟಲಿಗೇ ಬಂದವು.

ದೀಪ ಆರಿತು. ಮೇಜಿನ ಅಂಚಿನಲ್ಲಿ ಕೊಕ್ಕರೆಯ ಉದ್ದನೆ ಮೈ ಒಂದು ಪಕ್ಕಕ್ಕೆ ವಾಲಿತು, ಬಲಗಾಲು ಮೇಲೆದ್ದಿತ್ತು. ಒಂದೆರಡು ಉಸಿರಿನಷ್ಟು ಹೊತ್ತು ಹಾಗೇ ನಿಂತಳು. ಆಮೇಲೆ ತಂತಿಯನ್ನು ಹಿಂದಕ್ಕೆಳೆದುಕೊಂಡು, ಯಾರನ್ನೂ ನೋಡದೆ ಹೇಳಿದಳು.

“ಕೇಳೋದು ಬೇಡ. ಇದಕ್ಕಿಂತ ತೆಳ್ಳಂದು ಕೊಡಿ.”

ಮತ್ತೆ ಮಿಣುಕು, ಮತ್ತೆ ಮಿಣುಕು. ತಂತಿ ದಾಟಿತು. ಆಮೇಲೆ ಒಳಗೆ ಬಲೂನು ಉಬ್ಬಿಸಿ ದಾರಿ ಅಗಲ ಮಾಡುವಾಗ, ನೋವಾಗುತ್ತೆ ಸರ್, ಬೈಯಬೇಕು ಅನ್ನಿಸಿದರೆ ಬೈಯಿರಿ ಎಂದು ಅವಳೇ ಅನುಮತಿ ಕೊಟ್ಟಳು. ಹತ್ತಾರು ಮುಷ್ಕರಗಳಲ್ಲಿ ಕೂಡಿಟ್ಟ ಬೈಗುಳಗಳಲ್ಲಿ ಒಳ್ಳೆಯವನ್ನು ಆರಿಸಿ ಬಳಸಿದೆ.

ತೂತು ಮಾಡಿದವರೇ ಕೊನೆಗೆ ಅದನ್ನು ಒತ್ತಿಹಿಡಿದು ರಕ್ತ ನಿಲ್ಲಿಸಬೇಕು ಎಂಬುದು ಅಲ್ಲಿನ ಇನ್ನೊಂದು ಕಟ್ಟಳೆ. ಕೊಕ್ಕರೆ ತೊಡೆಸಂದಿಗೆ ಬೆರಳೂರಿ ನಿಂತಿದ್ದಾಗ ನಾದಿನಿ ಒಳಗೆ ಬಂದಳು. ನನ್ನ ಮುಖ ನೋಡಲಿಲ್ಲ. ನೇರ ಕಾಲ ತುದಿಗೆ ಹೋಗಿ, ಪಾದದ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ನಾಡಿ ಹುಡುಕಿದಳು. ಬಹಳ ಹೊತ್ತಿನ ಮೇಲೆ “ಬಂತು” ಎಂದಳು. ಆಮೇಲೆ ಶಿಷ್ಯೆಗೆ, “ನಡುವೆ ಒಮ್ಮೆ ಪೆಡಲ್ ಬಿಡ್ಲಿಲ್ಲ ನೀನು.”

“ಹೌದು ಮೇಡಂ.”

“ನಾನೂ ಬಿಡ್ಲಿಲ್ಲ. ಗಾಜಿನ ಆಚೆ ಪೆಡಲ್ ಇಲ್ಲ, ಬರೀ ನೆಲ. ಅದನ್ನೇ ಒತ್ತಿ ಒತ್ತಿ ಮೀನಖಂಡ ಹಿಡ್ಕೊಂಡಿದೆ.”

ನಿಜವಾಗಿಯೂ ಅಂದು ಅವಳು ಕುಂಟುತ್ತಲೇ ಮನೆಗೆ ಹೋದಳು. ಕಪ್ಪಾಗಿದ್ದ ನನ್ನ ಎರಡು ಬೆರಳುಗಳನ್ನು ಆಮೇಲೆ ತೆಗೆದರು, ಪಾದ ಉಳಿಯಿತು. ಕೊಕ್ಕರೆ ದೂರದ ಆಸ್ಪತ್ರೆಯೊಂದಕ್ಕೆ ಹೋದಳು. ಅಲ್ಲಿ ಗಾಜಿದೆ, ಅದರ ಆಚೆ ಯಾರೂ ಇಲ್ಲ. ನನ್ನ ಹೆಂಡತಿ ತಂಗಿಯೊಡನೆ ಕೆಲವು ವಾರ ಮಾತು ಬಿಟ್ಟಿದ್ದಳು. ಒಂದು ದಿನ ನಾನು ಚಪ್ಪಲಿ ಮೆಟ್ಟಿ ಬೀದಿಯ ತುದಿಯವರೆಗೆ ಹೋಗಿ ಬಂದದ್ದನ್ನು ನೋಡಿ ಫೋನ್ ಮಾಡಿ, ಬೈದು, ರಾಜಿಯಾದಳು.

ನಮ್ಮ ಚಳವಳಿಗಳನ್ನು ಕೆಡಿಸಿದ್ದು ಲಾಠಿಯಲ್ಲ ಎಂದು ನಾನು ಈಗ ಖಂಡಿತವಾಗಿ ಹೇಳಬಲ್ಲೆ. ಮೈಕು ಬಿಡದವರು ಕೆಡಿಸಿದರು. ತಮಗಿಂತ ಚೆನ್ನಾಗಿ ಯಾರೂ ಮಾಡಲಾರರು ಎಂದು ಕೊನೆಯುಸಿರಿನವರೆಗೂ ಪೆಡಲ್ ಒತ್ತಿಕೊಂಡೇ ಇದ್ದು, ಹಿಂದೆ ನಿಂತವರ ಕೈಗಳನ್ನು ಚಪ್ಪಾಳೆಗಷ್ಟೇ ಉಳಿಸಿದವರು. ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದರು; ಬಲ್ಲ ಕೈಯನ್ನು ಕಂಕುಳಲ್ಲಿಟ್ಟು ನಿಲ್ಲುವ ಎದೆ ಇದ್ದವರು ಕಡಿಮೆ. ಅಂಥವರಿಗೆ ಭಯವಿಲ್ಲವೆಂದು ನಾನು ಹೇಳುವುದಿಲ್ಲ, ಅವರನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲರಷ್ಟೇ ಹೆದರುತ್ತಾರೆ, ಎಲ್ಲರಿಗಿಂತ ಹೆಚ್ಚೇ ಹೆದರುತ್ತಾರೆ. ಆದರೆ ಆ ಹೆದರಿಕೆಯನ್ನು ಇನ್ನೊಬ್ಬರ ಕೆಲಸದ ಮೇಲೆ ಸುರಿಯದೆ, ಮೀನಖಂಡ ಸೆಟೆದುಕೊಳ್ಳುವವರೆಗೂ ಬರಿಯ ನೆಲದ ಮೇಲೆ ಒತ್ತಿ ಮುಗಿಸುತ್ತಾರೆ.