ಬಸಪ್ಪ ಪಾದ ಕೊಟ್ಟ ಹೆಸರು

ಹೊಳಲಿನ ಆಲೆಮನೆಯ ಬೆಲ್ಲವನ್ನು ಇಂಟರ್‌ನೆಟ್ಟಿನಲ್ಲಿ ಮಾರಲು ಹೊರಟ ರೂಪಳಿಗೆ ವೆಬ್‌ಸೈಟಿನ ಹೆಸರೇ ಕಗ್ಗಂಟಾಯಿತು. ಬೆಲ್ಲದಚ್ಚಿಗೆ ಅಂಟಿಸುವ ಚೀಟಿ ಎರಡು ಬೆರಳಗಲ. ಅದರಲ್ಲಿ ಹಿಡಿಸುವಂಥ ಪುಟ್ಟ ಹೆಸರು ಬೇಕು. ಅಚ್ಚು, ಕಬ್ಬು, ಸಿಹಿ, ಮಂಡ್ಯಬೆಲ್ಲ... ಏನು ಒತ್ತಿದರೂ ಯಾರೋ ಆಗಲೇ ಕೊಂಡಿದ್ದರು. ಮದ್ದೂರು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲು ಎಸೆದು, ಹತ್ತದೇ ಹೋದವರ ಹಾಗೆ.

ಕೊನೆಗೊಂದು ಬೆಳಿಗ್ಗೆ ಹೊಳೆಯಿತು. ಲಾವೋಸ್ ದೇಶದ ವೆಬ್‌ಸೈಟ್ ವಿಳಾಸಗಳು 'ಲಾ' ಎಂದು ಮುಗಿಯುತ್ತವೆ. 'ಬೆಲ್' ಬರೆದು, ಚುಕ್ಕಿಯಿಟ್ಟು, 'ಲಾ' ಸೇರಿಸಿದರೆ ಬೆಲ್ಲವೇ! ಹುಡುಕಿದಳು. ಖಾಲಿಯಿತ್ತು.

ದುಡ್ಡು ಮಾವ ಪುಟ್ಟಸ್ವಾಮಿಯವರ ಖಾತೆಯಿಂದ ಹೋಗಬೇಕು. ಹೆಸರನ್ನೂ ಲಾವೋಸಿನ 'ಲಾ'ವನ್ನೂ ಅವರಿಗೆ ಬಿಡಿಸಿ ಹೇಳಿದಳು. "ಮಾವ, ನಿಮ್ಮ ಫೋನಿಗೊಂದು ನಂಬರ್ ಬತ್ತದೆ, ಹೇಳ್ಬುಡಿ. ಈಗ್ಲೇ ತಗೊಂಬುಡ್ತೀನಿ."

"ಆ ದೇಸದೋರೂ ನಮ್ಮಂಗೇ ಲಾ ಅಂತ ಮಾತಾಡ್ತಾರೇನವ್ವ?" ಎಂದು ನಕ್ಕವರು ಮರುಗಳಿಗೆ ಗಂಭೀರರಾದರು. "ಎಸ್ರು ಚಂದಾಗದೆ. ಆದ್ರೆ ಬಸಪ್ಪನ್ನ ಕೇಳ್ದೆ ಎಂಗವ್ವ?"

ಬಸಪ್ಪನೆಂದರೆ ಊರ ದೇವರ ಹೆಸರಲ್ಲಿ ಬಿಟ್ಟ ಎತ್ತು. ಚಾಚಿದ ಅಂಗೈ ಮೇಲೆ ಬಲಪಾದ ಇಟ್ಟರೆ ಒಪ್ಪಿಗೆ. ಬೋರು ತೆಗೆಸಿದ್ದು, ಗಾಣ ತಂದಿದ್ದು ಎಲ್ಲ ಹಾಗೆಯೇ. ಆದರೆ ಬಸಪ್ಪ ಪೂಜೆಗೆಂದು ಹಲಗೂರಿನ ಕಡೆ ಹೋಗಿತ್ತು.

"ಅಷ್ಟ್ರಲ್ಲಿ ಯಾರಾದ್ರೂ ಎತ್ಕೊಂಡೋದ್ರೆ?"

"ನಿಂಗ್ ಒಳ್ದಿದ್ದು ಇನ್ಯಾರ್ಗೆ ಒಳ್ದಾತು? ಸೋಮ್ವಾರ ಬತ್ತಾನೆ, ಬುಡು."

ಸೋಮವಾರ ಗುಡಿಯ ಮುಂದೆ ಮಾವ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿದರು. ಬಸಪ್ಪ ಮುಖ ತಿರುಗಿಸಿತು. ರೂಪ ತಂದಿದ್ದ ಬೆಲ್ಲದಚ್ಚು ಮೆದ್ದಿತು. ಬಾಲ ಬೀಸಿತು. ಅತ್ತೆ ಚಲುವಮ್ಮ ಮುಗಿದ ಕೈ ಇಳಿಸಲಿಲ್ಲ. ರೂಪ ಹಲ್ಲು ಕಚ್ಚಿ ನಿಂತಳು. ಬಿಸಿಲೇರಿದ ಮೇಲೆ ಅಂತೂ ಬಲಪಾದ ಅಂಗೈಗೆ ಬಂತು.

"ನೋಡ್ದಾ!" ಎಂದರು ಮಾವ.

ರೂಪ ಅಲ್ಲೇ ಫೋನು ತೆರೆದಳು. ಇನ್ನೊಮ್ಮೆ ಒತ್ತಿದಳು. "ಓಯ್ತು ಮಾವ. ಯಾರೋ ತಗೊಂಡವ್ರೆ."

"ಅದೆಂಗಾದಾತು? ಪಾದ ಕೊಟ್ಟವ್ನೆ ಕಣವ್ವ!"

"ಅವ್ರೂರ ಬಸಪ್ಪ ಮುಂಚೆಯೇ ಕೊಟ್ಟಿರ್ಬೇಕು," ಅಂದರು ಅತ್ತೆ.

"ಓಗ್ಲಿ, ಇನ್ನೊಂದೆಸ್ರು ಯೋಚ್ನೆ ಮಾಡವ್ವ. ಬಸಪ್ಪ ಇಲ್ಲೇ ಅವ್ನೆ, ನಾಳೀಕೆ..."

"ಫೋನ್ ಕೊಡಿ ಇಲ್ಲಿ."

ಆ ದನಿಗೆ ಮಾವ ತೆಪ್ಪಗೆ ಕೊಟ್ಟರು. ರೂಪ ಟಪಟಪನೆ ಒತ್ತಿ, ಬಂದ ನಂಬರು ತಾನೇ ಹಾಕಿ, ದುಡ್ಡು ಕಟ್ಟಿ ಪರದೆ ತೋರಿಸಿದಳು. ಮಾವ ಕಣ್ಣು ಕಿರಿದು ಮಾಡಿ ಒಂದೊಂದೇ ಅಕ್ಷರ ಓದಿದರು: ಹೊಳಲುಪುಟ್ಟಸ್ವಾಮಿಆಲೆಮನೆ.

"ನನ್ನೆಸ್ರು ಯಾಕವ್ವ?"

"ಅದೊಂದ್ನ ಯಾರೂ ತಗೊಂಡಿರ್ನಿಲ್ಲ ಮಾವ."